ಕಥೆಗಳಿಗೆ ಗಂಟು ಹಾಕ್ಲೇಬೇಕಾ?

ಮಾನ್ಯರೇ,

ಒಂದೇ ಸಿನಿಮಾದಲ್ಲಿ ಮೂರ್ನಾಲ್ಕು ಬಿಡಿ ಕಥೆ ಇದ್ರೆ ಕೊನೇಲಿ ಎಲ್ಲಾ ಒಂದಕ್ಕೊಂದು ಸೇರ್ಲೇಬೇಕು ಅಂತ ಹಟ ಹಿಡಿಯೋದು ಸರಿಯಲ್ಲ. ಪುಟ್ಟಣ್ಣ ಕಣಗಾಲರ 1976ರ ‘ಕಥಾ ಸಂಗಮ’ನೇ ತಗೊಳ್ಳಿ, ‘ಹಂಗು’, ‘ಅತಿಥಿ’, ‘ಮುನಿತಾಯಿ’ ಮೂರೂ ಬೇರೆ ಬೇರೆ ಕಥೆಗಾರರದ್ದು, ಆದ್ರೂ ‘ಮುನಿತಾಯಿ’ಯಲ್ಲಿ ಆರತಿ ಮಾಡಿರೋ ಕಣ್ಣು ಕಾಣದ ಹೆಣ್ಣಿನ ಪಾತ್ರ ಮನಸ್ಸಲ್ಲಿ ಉಳಿಯೋಕೆ ಹಿಂದಿನ ಎರಡು ಕಥೆಗಳ ನಂಟೇನೂ ಬೇಕಾಗ್ಲಿಲ್ಲ. 2019ರಲ್ಲಿ ಅದೇ ಹೆಸರಲ್ಲಿ ಏಳು ಜನ ನಿರ್ದೇಶಕರು ಏಳು ಕಥೆ ಮಾಡಿದ್ರು.

ಮೊನ್ನೆ ಮಂಡ್ಯದಲ್ಲಿ ಇಂಥದ್ದೇ ಒಂದು ಸಿನಿಮಾ ನೋಡ್ತಿದ್ದಾಗ ಮೊದಲ ಕಥೆ ಮುಗಿದು ಎರಡನೇದು ಅರ್ಧ ಆಗಿದ್ರೂ ಪಕ್ಕದ ಸೀಟಿನ ಅಜ್ಜಿ ಮೊಮ್ಮಗನ ಕೈ ಜಗ್ಗಿ ಜಗ್ಗಿ ‘ಆ ಹುಡ್ಗಿ ಮತ್ತೆ ಯಾವಾಗ ಬತ್ತಳ್ಳಾ’ ಅಂತ ಕೇಳ್ತಾನೇ ಇದ್ರು, ಪಾಪ, ಕಣ್ಮುಂದಿದ್ದ ಕಥೆ ಅವರಿಗೆ ದಕ್ಕಲೇ ಇಲ್ಲ. ತಪ್ಪು ಅವರದ್ದಲ್ಲ, ಬೇರೆ ಕಥೆ ಶುರುವಾಯ್ತು ಅಂತ ಯಾರೂ ಹೇಳಿರ್ಲಿಲ್ವಲ್ಲ. ಬಲವಂತವಾಗಿ ಕೊಂಡಿ ಹಾಕೋ ಬದಲು ನಿರ್ಮಾಪಕರು ಪೋಸ್ಟರಲ್ಲೇ ‘ಬಿಡಿ ಕಥೆಗಳು’ ಅಂತ ದಪ್ಪಕ್ಷರದಲ್ಲಿ ಹಾಕ್ಲಿ, ಪ್ರತಿ ಕಥೆಗೂ ಮುಂಚೆ ಅದರ ಹೆಸರು, ಬರೆದವರ ಹೆಸರು ಒಂದೆರಡು ಕ್ಷಣ ತೆರೆ ಮೇಲೆ ನಿಲ್ಲಿಸ್ಲಿ.

– ಓರ್ವ ಓದುಗ, ಮಂಡ್ಯ