ಮಗು ಬೇಕೆಂದೇ ಚಡ್ಡಿ ಹಾಳು ಮಾಡಿಕೊಳ್ಳುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ಬುಧವಾರ ಮಧ್ಯಾಹ್ನ ಮೊಮ್ಮಗಳನ್ನು ಕರೆತರಲು ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ನನ್ನ ಮುಂದಿದ್ದ ತಾಯಿಯೊಬ್ಬರ ಕೈಗೆ ಆಯಾ ಗಂಟು ಕಟ್ಟಿದ ಕಪ್ಪು ಪ್ಲಾಸ್ಟಿಕ್ ಕವರ್ ಕೊಟ್ಟು, 'ಇವತ್ತೂ ಮಾಡ್ಕೊಂಡಿದಾನೆ ಅಮ್ಮ' ಎಂದರು. ಆ ತಾಯಿ ಸುತ್ತ ನಿಂತಿದ್ದವರನ್ನೊಮ್ಮೆ ನೋಡಿ, ಹುಡುಗನ ಬೆನ್ನಿಗೆ ಎರಡೇಟು ಹಾಕಿದರು. ಎಲ್‌ಕೆಜಿ ಹುಡುಗ. ಅಳಲಿಲ್ಲ. ತನ್ನ ಶೂ ನೋಡುತ್ತಾ ನಿಂತ. ಅಂಥದೇ ಕವರ್ ಹೋದ ವರ್ಷ ನಾಲ್ಕು ತಿಂಗಳು ನನ್ನ ಕೈಗೂ ಬರುತ್ತಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಬಸ್ ಚಾಲಕ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಪುಟ್ಟಿಯನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ನನ್ನದು. ಅವಳು ಸದಾ ಡೈಪರಿನಲ್ಲೇ ಬೆಳೆದ ಮಗುವಲ್ಲ. ಕತ್ತು ನಿಂತ ಮೇಲೆ ನನ್ನ ಹೆಂಡತಿ ಹಿತ್ತಲಲ್ಲಿ ಕಾಲು ನೀಡಿ ಕೂತು, ಎರಡು ಪಾದ ಜೋಡಿಸಿ ಅದರ ಮೇಲೆ ಕೂರಿಸಿಕೊಂಡು, 'ಸ್ಸ್... ಸ್ಸ್...' ಎಂದು ಸದ್ದು ಮಾಡಿ ಅಭ್ಯಾಸ ಮಾಡಿಸಿದ್ದಳು. ನನ್ನ ಮಗನಿಗೂ ಹಾಗೇ ಮಾಡಿಸಿದ್ದು. ಎರಡೂವರೆ ವರ್ಷಕ್ಕೆಲ್ಲ ಪುಟ್ಟಿ 'ಅಜ್ಜೀ, ಕಕ್ಕ' ಎಂದು ಓಡಿಬಂದು ಹೇಳುತ್ತಿದ್ದಳು. ಊರಿನ ಜಾತ್ರೆ, ಮದುವೆಮನೆ, ಎಲ್ಲಿಗೆ ಹೋದರೂ ಒಂದು ದಿನ ಚಡ್ಡಿ ಒದ್ದೆಯಾದದ್ದಿಲ್ಲ.

ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿದೆವು. ಜುಲೈನಲ್ಲಿ ಚಡ್ಡಿ ಒದ್ದೆಯಾಗತೊಡಗಿತು. ಗೌರಿ ಹಬ್ಬದ ಹೊತ್ತಿಗೆ ಕಕ್ಕವೂ ಚಡ್ಡಿಯಲ್ಲೇ ಆಗತೊಡಗಿತು. ಸ್ವಲ್ಪ ಸ್ವಲ್ಪ, ನೀರು ನೀರು, ದಿನಕ್ಕೆ ಮೂರು ನಾಲ್ಕು ಸಲ. ಮಗುವಿಗೆ ಭೇದಿ ಎಂದುಕೊಂಡು ಅಜ್ಜಿ ದಾಳಿಂಬೆ ಸಿಪ್ಪೆ ತೇದು ಮಜ್ಜಿಗೆಯಲ್ಲಿ ಕುಡಿಸಿದಳು. ಪಪಾಯ ನಿಲ್ಲಿಸಿದಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದದ್ದಾಯಿತು. ನೆಂಟರು ಬಂದವರು 'ಹಠ ಕಣ್ರೀ, ಒಂದು ಬಿಟ್ಟರೆ ಸರಿಹೋಗುತ್ತೆ' ಎಂದರು. ನಾನೂ ಒಂದು ದಿನ ಗದರಿಸಿದೆ. ಸುಳ್ಳು ಹೇಳಲಾರೆ.

ಆ ದಿನಗಳಲ್ಲಿ ನಾನು ಕಣ್ಣಾರೆ ಕಂಡು ಅರ್ಥ ಮಾಡಿಕೊಳ್ಳದೆ ಹೋದದ್ದೊಂದಿದೆ. ಸಂಜೆ ಆಟದ ನಡುವೆ ಪುಟ್ಟಿ ಇದ್ದಕ್ಕಿದ್ದಂತೆ ಎದ್ದು ಒಳಕೋಣೆಯ ಬೀರುವಿನ ಮೂಲೆಗೆ ಹೋಗುತ್ತಿದ್ದಳು. ಬೀರುವಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲಿಗೆ ಕಾಲು ಹೆಣೆದು, ತುದಿಗಾಲಲ್ಲಿ ಸೆಟೆದು ನಿಲ್ಲುತ್ತಿದ್ದಳು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಮೈ ಸಣ್ಣಗೆ ನಡುಗುತ್ತಿತ್ತು. ಕರೆದರೆ 'ಬರಬೇಡ ತಾತ' ಎನ್ನುತ್ತಿದ್ದಳು. ನಾವು ಅವಳು ತಿಣುಕುತ್ತಿದ್ದಾಳೆ, ಮೂಲೆಯಲ್ಲಿ ನಿಂತು ಬೇಕೆಂದೇ ಚಡ್ಡಿಗೆ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆವು. ಅವಳು ಮಾಡುತ್ತಿದ್ದದ್ದು ಪೂರಾ ಉಲ್ಟಾ. ಬರುತ್ತಿದ್ದುದನ್ನು ಇದ್ದಬದ್ದ ಬಲವನ್ನೆಲ್ಲ ಹಾಕಿ ತಡೆಯುತ್ತಿದ್ದಳು.

ಇದನ್ನು ಹೇಳಿದವರು ಮಕ್ಕಳ ಡಾಕ್ಟರು. ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿದ್ದರೂ ಕಲಿತ ಮಗು ಮತ್ತೆ ಒದ್ದೆ ಮಾಡಿಕೊಳ್ಳುತ್ತದಂತೆ. ವಿಪರೀತ ಬಾಯಾರಿಕೆಯ ಜೊತೆಗೆ ಹೀಗಾದರೆ ಸಕ್ಕರೆ ಕಾಯಿಲೆಯನ್ನೂ ನೋಡಬೇಕಂತೆ. ಮನೆಗೆ ಹೊಸ ಮಗು ಬಂದಿದೆಯೇ, ಮನೆ ಬದಲಾಯಿಸಿದಿರಾ, ಯಾರಾದರೂ ಹೆದರಿಸುತ್ತಾರಾ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಹೊಟ್ಟೆ ಒತ್ತಿ ನೋಡಿ, ನನ್ನ ಬೆರಳನ್ನು ಹಿಡಿದು ಎಡಗಡೆ ಕೆಳಹೊಟ್ಟೆಯ ಮೇಲೆ ಇಟ್ಟರು. ಚರ್ಮದ ಕೆಳಗೆ ಗಟ್ಟಿ ಗಟ್ಟಿ ಉಂಡೆ ಸಿಕ್ಕಿತು. ಭೇದಿ ಎಂದುಕೊಂಡಿದ್ದೆವಲ್ಲ, ಅದು ಮಲಬದ್ಧತೆ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಒಂದು ಸಲ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮುಂದಿನ ಸಲ ಹೆದರಿ ತಡೆಯುತ್ತದೆ. ತಡೆದಷ್ಟೂ ಮಲದಲ್ಲಿರುವ ನೀರನ್ನು ಕರುಳು ಹೀರಿಕೊಂಡು ಅದು ಇನ್ನೂ ಗಟ್ಟಿಯಾಗುತ್ತದೆ, ಇನ್ನೂ ನೋಯುತ್ತದೆ. ವಾರಗಟ್ಟಲೆ ತುಂಬಿದ ಕರುಳಿನ ತುದಿ ಹಿಗ್ಗಿ, 'ಹೋಗಬೇಕು' ಎಂಬ ಸೂಚನೆಯೇ ಮಂಕಾಗುತ್ತದೆ. ಮೇಲಿನಿಂದ ಬಂದ ತೆಳು ಮಲ ಆ ಗಟ್ಟಿ ಉಂಡೆಯ ಪಕ್ಕದಿಂದ ಸೋರಿ ಚಡ್ಡಿಗೆ ಇಳಿಯುತ್ತದೆ. ಅದು ಮಗುವಿಗೆ ಗೊತ್ತೇ ಆಗುವುದಿಲ್ಲ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಒಂದಕ್ಕೂ ತಡೆಯಲಾಗುವುದಿಲ್ಲ. ಗೊತ್ತೇ ಆಗದ ಮಗುವಿಗೆ ಗದರಿಸಿದ್ದೆನಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಡೆಯಲು ಶುರುಮಾಡಿದ್ದು ಯಾಕೆ ಎಂಬುದು ಪುಟ್ಟಿಯ ಬಾಯಿಂದಲೇ ಬಂತು. ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಂಡು ಮೆಲ್ಲಗೆ ಕೇಳಿದೆ. 'ಅಲ್ಲಿ ಬಿದ್ದೋಗ್ತೀನಿ ತಾತ' ಎಂದಳು. ಮಾರನೇ ದಿನ ಮಿಸ್ ಅವರನ್ನು ಕೇಳಿಕೊಂಡು ಶಾಲೆಯ ಟಾಯ್ಲೆಟ್ ನೋಡಿದೆ. ಟೈಲ್ಸ್ ಹಾಕಿದ್ದಾರೆ, ನೀರಿದೆ. ಆದರೆ ಇರುವುದು ದೊಡ್ಡವರ ಕಮೋಡ್. ಅದರ ಮೇಲೆ ಕೂತರೆ ನಾಲ್ಕು ವರ್ಷದ ಮಗುವಿನ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಕೆಳಗೆ ದೊಡ್ಡ ಬಾಯಿ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅಭ್ಯಾಸವಾದವಳು ಎರಡೂ ಕೈಯಲ್ಲಿ ಅಂಚು ಹಿಡಿದು ಬೀಳದಂತೆ ನೋಡಿಕೊಳ್ಳಬೇಕೋ, ಕಕ್ಕ ಮಾಡಬೇಕೋ? ನೀರಿನ ಬಾಟಲ್ ದಿನವೂ ತುಂಬಿದ್ದು ತುಂಬಿದಂತೆ ವಾಪಸ್ ಬರುತ್ತಿದ್ದುದರ ಗುಟ್ಟೂ ಆಗ ತಿಳಿಯಿತು. ಹೋಗಬೇಕಾಗುತ್ತದೆ ಎಂದು ಕುಡಿಯುವುದನ್ನೇ ಬಿಟ್ಟಿದ್ದಳು. ಕಿರುಬೆರಳು ತೋರಿಸಿದರೆ 'ಬೆಲ್ ಆಗಲಿ' ಎನ್ನುವುದು ಬೇರೆ.

ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನು ನಾನು. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗ ಮುಟ್ಟುವ ತನಕ ತಡೆದುಕೊಂಡು ಓಡಿಸಿದ ದಿನಗಳಿವೆ. ಕೊನೆಯ ಅರ್ಧ ಗಂಟೆಯಲ್ಲಿ ಹಣೆ ಹೇಗೆ ಬೆವರುತ್ತದೆ ಎಂದು ಗೊತ್ತು. ತಾಯಂದಿರು 'ಮಗು ಅಳ್ತಿದೆ ಅಣ್ಣಾ, ಒಂದು ನಿಮಿಷ ನಿಲ್ಲಿಸಿ' ಎಂದರೆ ಟೈಮ್ ಮೀರಿದ್ದರೂ ಮರ ನೋಡಿ ನಿಲ್ಲಿಸುತ್ತಿದ್ದೆ. ದೊಡ್ಡವನಾದ ನನಗೇ ಅಷ್ಟು ಕಷ್ಟವಾದದ್ದನ್ನು ಆ ವಯಸ್ಸಿನ ಮಗು ಬೆಲ್ ಆಗುವ ತನಕ ಮಾಡಬೇಕು ಎನ್ನುವುದು ನ್ಯಾಯವಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎಲ್ಲ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಬೇಕೆಂದು ಆದೇಶಿಸಿತು. ಆದರೆ ಕಾಯ್ದೆ ಕೊಡುವ ಹಕ್ಕು 6 ರಿಂದ 14 ವರ್ಷದವರಿಗೆ. ಎಲ್‌ಕೆಜಿ, ಯುಕೆಜಿ ಮಕ್ಕಳು ಅದಕ್ಕಿಂತ ಚಿಕ್ಕವರು. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯಲು ಶುರುಮಾಡಿದಾಗ ನಮ್ಮಲ್ಲೂ ಆ ಮಾತು ಬಂದಿತ್ತು. ಒಳ್ಳೆಯದೇ. ಆದರೆ ಕುಡಿದ ನೀರಿಗೆ ಹೊರಗೆ ದಾರಿ ಬೇಡವೇ? ಶಿಕ್ಷಣ ಇಲಾಖೆಯವರಲ್ಲಿ, ಶಾಲೆ ನಡೆಸುವವರಲ್ಲಿ ನಾನು ಕೇಳುವುದು ದುಬಾರಿ ಸಂಗತಿಯಲ್ಲ. ಚಿಕ್ಕ ಮಕ್ಕಳಿಗೆ ಒಂದು ಗಿಡ್ಡ ಕಮೋಡ್ ಅಥವಾ ನಮ್ಮ ಕಡೆಯ ಕುಕ್ಕರಗಾಲಿನದು ಹಾಕಿಸಿ. ಕೇಳಿದ ಕೂಡಲೇ ಆಯಾ ಜೊತೆ ಕಳಿಸಿ. ಕವರನ್ನು ಗೇಟಿನಲ್ಲಿ ಹತ್ತು ಜನರ ಮುಂದೆ ಕೊಡಬೇಡಿ, ಬ್ಯಾಗಿನ ಒಳಗೆ ಇಡಿ.

ಪುಟ್ಟಿಗೆ ಡಾಕ್ಟರು ನೀರಿಗೆ ಬೆರೆಸಿ ಕುಡಿಸುವ ಪುಡಿ ಬರೆದುಕೊಟ್ಟರು. ಮೊದಲ ಕೆಲವು ದಿನ ಹೊಟ್ಟೆ ಖಾಲಿ ಮಾಡಿಸಲು, ಆಮೇಲೆ ಮೆತ್ತಗೇ ಇರಿಸಲು ತಿಂಗಳುಗಟ್ಟಲೆ. ತಿಂಡಿಯಾದ ಮೇಲೆ, ರಾತ್ರಿ ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ಐದು ನಿಮಿಷ ಕೂರಿಸಿ, ಬಂದರೂ ಬಾರದಿದ್ದರೂ ಬೈಯಬೇಡಿ ಎಂದರು. ದಿನಕ್ಕೆ ಮೂರು ಲೋಟ ಹಾಲು ಒಂದೂವರೆಗೆ ಇಳಿಯಿತು, ಪಪಾಯ ಮನೆಗೆ ವಾಪಸ್ ಬಂತು. ಎರಡು ವಾರಕ್ಕೆ ಸರಿಹೋಯಿತು ಎಂದು ನಾವೇ ಪುಡಿ ನಿಲ್ಲಿಸಿಬಿಟ್ಟೆವು. ಹತ್ತೇ ದಿನದಲ್ಲಿ ಮತ್ತೆ ಬೀರುವಿನ ಮೂಲೆ! ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳು ಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು, ನಮಗೆ ಅವಸರ. ಮತ್ತೆ ಶುರುಮಾಡಿ ಯುಗಾದಿಯ ತನಕ ಕೊಟ್ಟೆವು. ನಮ್ಮ ಮನೆಯ ಹಳೇ ಹಲಸಿನ ಮಣೆಗೆ ಕಾಲು ಬಡಿಸಿ ಎತ್ತರಿಸಿ ಶಾಲೆಗೂ ಕೊಟ್ಟುಬಂದೆ. ಕಮೋಡ್ ಮೇಲೆ ಕೂತಾಗ ಪಾದ ಊರಲು. ಬೇರೆ ಮಕ್ಕಳೂ ಅದನ್ನೇ ಕೇಳುತ್ತಾರೆ ಎಂದು ಆಯಾ ಹೇಳಿದರು.

ಬುಧವಾರ ಗೇಟಿನಲ್ಲಿದ್ದ ತಾಯಿಯ ಜೊತೆ ಮಾತನಾಡಬೇಕೆಂದುಕೊಳ್ಳುವಷ್ಟರಲ್ಲಿ ಅವರು ಆಟೋ ಹತ್ತಿದ್ದರು. ತಾಯೀ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಹತ್ತು ಜನರ ಮುಂದೆ ಆ ಕವರ್ ಹಿಡಿಯುವ ಸಂಕಟ ನನಗೆ ಗೊತ್ತು. ಈ ಪತ್ರ ನಿಮ್ಮ ಕಣ್ಣಿಗೆ ಬಿದ್ದರೆ ಇಂದು ಸಂಜೆ ಸ್ವಲ್ಪ ಗಮನಿಸಿ. ಹುಡುಗ ಆಡುತ್ತಾ ಆಡುತ್ತಾ ಎದ್ದು ಹೋಗಿ, ಬಾಗಿಲ ಹಿಂದೆಯೋ ಮಂಚದ ಮೂಲೆಯಲ್ಲೋ ತುದಿಗಾಲಲ್ಲಿ ನಿಲ್ಲುತ್ತಾನೆಯೇ? ನಿಂತರೆ, ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಇತಿ,
ಒಬ್ಬ ನಿವೃತ್ತ ಬಸ್ ಚಾಲಕ
ತಿಪಟೂರು