ಮೂಲೆಯಲ್ಲಿ ಒಂದು ಬಟನ್ ಹಾಕಿದರೆ ಸಾಲದು

ಮಾನ್ಯ ಸಂಪಾದಕರೇ,

ಈಗ ಸುಮಾರು ವೆಬ್‌ಸೈಟುಗಳ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರದ ಒಂದು ಬಟನ್ ಇರುತ್ತದೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಅಂಗವಿಕಲರಿಗೆ ಮಾಡಬೇಕಾದ್ದೆಲ್ಲ ಮಾಡಿಯಾಯಿತು ಅಂತ ಸೈಟಿನವರು ಸುಮ್ಮನಾಗುತ್ತಾರೆ. ಅಕ್ಷರ ದೊಡ್ಡದು ಮಾಡುವುದು ಬ್ರೌಸರ್‌ನಲ್ಲೇ ಇದೆ. ಜನ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಫಾರಂಗಳಲ್ಲಿ.

ನನ್ನ ಗೆಳೆಯನೊಬ್ಬನಿಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಕಂಪ್ಯೂಟರನ್ನು ನನಗಿಂತ ಜೋರಾಗಿ ಓಡಿಸುತ್ತಾನೆ. ಮೌಸ್ ಮುಟ್ಟುವುದಿಲ್ಲ, ಎಲ್ಲಾ ಕೀಬೋರ್ಡ್‌ನಲ್ಲೇ, ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಲು ಟ್ಯಾಬ್ ಕೀ. ಮೊನ್ನೆ ಅವನು ಒಂದು ಅರ್ಜಿ ತುಂಬುವಾಗ ಪಕ್ಕದಲ್ಲಿದ್ದೆ. ಸ್ಕ್ರೀನ್ ರೀಡರ್ 'ಎಡಿಟ್, ಬ್ಲ್ಯಾಂಕ್' ಅಂದಿತು, ಅಂದರೆ ತುಂಬಬೇಕಾದ ಖಾಲಿ ಖಾನೆ. ಟ್ಯಾಬ್ ಒತ್ತಿದ, ಮತ್ತೆ 'ಎಡಿಟ್, ಬ್ಲ್ಯಾಂಕ್'. ಪರದೆ ಮೇಲೆ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಅಂತ ಚೆನ್ನಾಗಿಯೇ ಬರೆದಿತ್ತು, ಆದರೆ ಆ ಬರಹವನ್ನು ಕೋಡ್‌ನಲ್ಲಿ ಖಾನೆಗೆ ಜೋಡಿಸಿರಲಿಲ್ಲ, ಹಾಗಿದ್ದಾಗ ಎಲ್ಲಿ ಏನು ತುಂಬಬೇಕು ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ? ಒಂದು ಲೇಬಲ್ ಟ್ಯಾಗ್ ಹಾಕಿದ್ದರೆ ಸಾಕಿತ್ತು. ಕೊನೆಯ ಬಟನ್ ಕೂಡ ನೋಡಲಷ್ಟೇ ಬಟನ್, ಒಳಗೆ ಬರೀ ಬಣ್ಣ ಹಚ್ಚಿದ ಡಿವ್, ಅಂದರೆ ಕೋಡ್‌ನಲ್ಲಿ ಒಂದು ಸಾದಾ ಚೌಕ. ಟ್ಯಾಬ್ ಅದರ ಮೇಲೆ ನಿಲ್ಲಲೇ ಇಲ್ಲ. ನಾನೇ ಮೌಸ್ ಹಿಡಿದು ಒತ್ತಬೇಕಾಯಿತು. ಅವನ ಅರ್ಜಿ, ಅವನ ಸ್ವಂತ ವಿವರ, ಅದನ್ನು ನಾನ್ಯಾಕೆ ನೋಡಬೇಕು? ನನಗೆ ತುಂಬಾ ಬೇಜಾರಾಯಿತು.

ಇದಕ್ಕೆಲ್ಲ ನಿಯಮ ಇಲ್ಲ ಅಂತಲ್ಲ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ 1999ರಲ್ಲೇ ಅಂಗವಿಕಲರೂ ಬಳಸುವಂತೆ ಸೈಟ್ ಕಟ್ಟುವುದು ಹೇಗೆ ಅಂತ ಹೇಳುವ ಡಬ್ಲ್ಯುಸಿಎಜಿ ಅನ್ನುವ ಮಾರ್ಗಸೂಚಿ ಕೊಟ್ಟಿತು. 2023ರಲ್ಲಿ ಅದರ 2.2 ಆವೃತ್ತಿ ಬಂತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು ಅನ್ನುತ್ತದೆ, ಆದರೂ ಬಿಳಿ ಮೇಲೆ ತಿಳಿ ಬೂದು ಅಕ್ಷರದ ಚಟ ಬಿಟ್ಟಿಲ್ಲ. ತಪ್ಪಾದ ಖಾನೆಯನ್ನು ಬರೀ ಕೆಂಪು ಮಾಡಿ ಬಿಡಬೇಡಿ, ಏನು ತಪ್ಪು ಅಂತ ಬರೆಯಿರಿ ಅನ್ನುತ್ತದೆ. ಕಿವಿ ಕೇಳದವರಿಗೆ ವಿಡಿಯೊದಲ್ಲಿ ಕ್ಯಾಪ್ಷನ್ ಬೇಕು, ಯಂತ್ರ ತಾನಾಗಿ ಹಾಕಿದ್ದನ್ನು ಒಬ್ಬರು ಕೂತು ತಿದ್ದಲೇಬೇಕು, ಯಾಕಂದರೆ ಅದು ಜಾಸ್ತಿ ಎಡವುವುದೇ ಹೆಸರು ಮತ್ತು ಸಂಖ್ಯೆಗಳಲ್ಲಿ. ಕೈ ನಡುಗುವವರಿಗೆ ಪುಟ್ಟ ಬಟನ್‌ಗಳು ಒತ್ತಲು ಸಿಗುವುದಿಲ್ಲ. ಇನ್ನು ಪಾಸ್‌ವರ್ಡ್ ಪೇಸ್ಟ್ ಮಾಡಲು ಬಿಡದ ಸೈಟುಗಳು! ಟೈಪ್ ಮಾಡಲು ಕಷ್ಟಪಡುವವರು ಏನು ಮಾಡಬೇಕು ಹೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಂಭೀರವಾದ ವೈಕಲ್ಯ ಇದೆ, ಅಂದರೆ 6 ಜನರಲ್ಲಿ ಒಬ್ಬರಿಗೆ. 'ನಾಲ್ಕು ಜನಕ್ಕೋಸ್ಕರ ಯಾಕೆ ಖರ್ಚು' ಅನ್ನುವವರು ಇದನ್ನು ನೋಡಲಿ. ಖರ್ಚು ಬರುವುದು ಎಲ್ಲಾ ಕಟ್ಟಿದ ಮೇಲೆ ಒಡೆದು ಸರಿಮಾಡಲು ಹೋದಾಗ. ಮೊದಲೇ ಮಾಡಿದರೆ ಅದು ಕೆಲಸದ ಭಾಗ, ಅಲ್ವಾ?

ಸೈಟ್ ಮಾಡಿಸುವವರು ಬಿಲ್ ಚುಕ್ತಾ ಮಾಡುವ ಮೊದಲು ಮೌಸ್ ಪಕ್ಕಕ್ಕಿಟ್ಟು ಫಾರಂ ಪೂರ್ತಿ ತುಂಬಿ ನೋಡಲಿ. ಆಮೇಲೆ ಅಂಗವಿಕಲರನ್ನೇ ಕರೆದು, ಸಂಬಳ ಕೊಟ್ಟು ಪರೀಕ್ಷೆ ಮಾಡಿಸಲಿ. ಬಿಟ್ಟಿ ಸಲಹೆ ಕೇಳಬೇಡಿ.

ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ವೆಬ್‌ಸೈಟಿನಲ್ಲಿ ಫೋಟೊ ಹಾಕುವಾಗ ಅದರಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟ್‌ನಲ್ಲಿ, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ಚಿತ್ರದ ವಿವರಣೆಯಲ್ಲಿ, ಒಂದು ಸಾಲು ಬರೆಯಿರಿ. ನನ್ನ ಗೆಳೆಯನೂ ನಿಮ್ಮ ಓದುಗನೇ.

ಇಂತಿ,
ನಿಮ್ಮ ಓದುಗ