ಎರಡನೆಯ ಪಂಕ್ತಿ: ಮಗಳಿಗೊಂದು ಪತ್ರ

ಧಾರವಾಡ
ಭಾನುವಾರ ರಾತ್ರಿ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಅಪ್ಪನ ಮೂಲಕ ನೀನು ಕೇಳಿ ಕಳಿಸಿದ, ನಮ್ಮ ಮನೆಯ ತಿಂಗಳ ಹಾಡು-ಊಟದ ಲೆಕ್ಕ ಬರೆದಿಟ್ಟ ವಹಿಯನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ಬೆಂಗಳೂರಿನ ನಿನ್ನ ಮನೆಯಲ್ಲಿ ನೀನೂ ತಿಂಗಳಿಗೊಮ್ಮೆ ಹಾಡುವವರನ್ನೂ ಕೇಳುವವರನ್ನೂ ಊಟಕ್ಕೆ ಕರೆಯಬೇಕೆಂದಿರುವೆಯಂತೆ. ಆ ಸುದ್ದಿಯನ್ನು ನನಗೇ ಹೇಳಲಿಲ್ಲವಲ್ಲ ಎಂದು ಮೊದಲು ನೊಂದುಕೊಂಡೆ; ಕಳೆದ ತಿಂಗಳ ಆ ರಾತ್ರಿಯ ನಂತರ ನೀನಾದರೂ ನನಗೆ ಹೇಗೆ ಹೇಳುತ್ತಿದ್ದೆ ಎಂದು ಆಮೇಲೆ ಅನ್ನಿಸಿತು. ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ನೀನು ಎದ್ದದ್ದನ್ನೂ, ಮರುದಿನ ಬೆಳಗಿನ ಗಾಡಿಗೆ ನೀನು ಹೊರಟಾಗ ನಾನು ಬಾಗಿಲವರೆಗೆ ಬಾರದೆ ಹೋದದ್ದನ್ನೂ ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ಕೇಳಿದ ಒಂದು ಮಾತು ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ: ‘ತಬಲಾ ಕಾಕಾ ಯಾವಾಗ್ಲೂ ಎರಡನೇ ಪಂಕ್ತಿಗೇ ಯಾಕ ಕೂಡತಿದ್ರು ಅವ್ವಾ?’

ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ನಮ್ಮ ಪಡಸಾಲೆಯಲ್ಲಿ ಒಮ್ಮೆಗೆ ಹನ್ನೆರಡು ಜನ ಕೂಡಬಹುದು. ಮನೆಯಲ್ಲಿದ್ದ ತಾಟುಗಳೂ ಹನ್ನೆರಡೇ. ಹಾಡಿದವರು, ಊರಿನ ಹಿರಿಯರು, ಹೊರಗಿನಿಂದ ಬಂದವರು ಮೊದಲು ಕೂಡುತ್ತಿದ್ದರು. ನಿನ್ನ ತಬಲಾ ಕಾಕಾ ಡಗ್ಗಾ, ತಬಲಾಗಳನ್ನು ಚೀಲಕ್ಕೆ ಹಾಕಿ, ಸಣ್ಣ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಅಂಗೈಗೆ ಹತ್ತಿದ ಪೌಡರನ್ನು ಹಿತ್ತಲ ನಳದಲ್ಲಿ ತೊಳೆದುಕೊಂಡು ಬರುವಷ್ಟರಲ್ಲಿ ತಾಟುಗಳು ಮುಗಿದಿರುತ್ತಿದ್ದವು. ‘ನಾ ಆಮ್ಯಾಲ ಕೂಡ್ತೀನ್ರಿ ಅಕ್ಕಾರ’ ಎಂದು ಅವರೇ ಹೇಳುತ್ತಿದ್ದರು. ಹಾಗೆ ಹೇಳಿದವರು ಅವರೇ ಎಂಬುದನ್ನು ನಾನು ಎಂಟು ವರ್ಷ ನೆಪವಾಗಿ ಹಿಡಿದುಕೊಂಡೆ. ಪೇಟೆಗೆ ಹೋಗಿ ಇನ್ನು ಆರು ತಾಟು ತರಲು ಎಷ್ಟು ಹೊತ್ತು ಬೇಕಾಗಿತ್ತು?

ತಾಟಿನ ಕೊರತೆಯಷ್ಟೇ ಆಗಿದ್ದರೆ ನಾನು ಇಷ್ಟು ಕೊರಗುತ್ತಿರಲಿಲ್ಲ. 2009ರ ಜುಲೈ ತಿಂಗಳಲ್ಲಿ ಗಂಗೂಬಾಯಿ ಹಾನಗಲ್ಲರು ತೀರಿಕೊಂಡಾಗ, ಈ ಸೀಮೆಯ ಸಂಗೀತಕ್ಕೆ ಇನ್ನು ಮುಂದೇನು ಎಂದು ಎಲ್ಲರೂ ಕೇಳುತ್ತಿದ್ದ ಹೊತ್ತಿನಲ್ಲಿ, ತಿಂಗಳ ಎರಡನೆಯ ಶನಿವಾರ ಒಬ್ಬ ಎಳೆಯ ಗಾಯಕರನ್ನು ಹಾಡಿಸಿ, ಆಮೇಲೆ ಉಣ್ಣುತ್ತ ಅದೇ ಪ್ರಶ್ನೆಯನ್ನು ಮಾತಾಡೋಣವೆಂದು ನಾವು ಈ ಊಟವನ್ನು ಆರಂಭಿಸಿದೆವು. ಮಾತೆಲ್ಲ ನಡೆಯುತ್ತಿದ್ದದ್ದು ಮೊದಲ ಪಂಕ್ತಿಯಲ್ಲಿ. ಸಾಥ್ ಕೊಡುವವರ, ಅಂದರೆ ಹಾಡಿಗೆ ಜೊತೆಯಾಗಿ ನುಡಿಸುವವರ, ಹೊಟ್ಟೆಪಾಡು ಹೇಗೆ ನಡೆಯಬೇಕು, ಅವರ ಮಕ್ಕಳು ಈ ವಿದ್ಯೆಗೆ ಯಾಕೆ ಬರುತ್ತಿಲ್ಲ ಎಂದು ಪಡಸಾಲೆಯಲ್ಲಿ ಚರ್ಚೆ ಕಾವೇರುತ್ತಿದ್ದಾಗ, ಅದಕ್ಕೆ ಉತ್ತರ ಕೊಡಬಲ್ಲ ಮನುಷ್ಯ ಹಿತ್ತಲ ಮೆಟ್ಟಿಲ ಮೇಲೆ ಚೀಲದ ಮೇಲೊಂದು ಕೈಯಿಟ್ಟು ಕೂತಿರುತ್ತಿದ್ದರು. ಎರಡನೆಯ ಪಂಕ್ತಿ ಕೂಡುವ ಹೊತ್ತಿಗೆ ಅತಿಥಿಗಳು ಎಲೆ ಅಡಿಕೆ ಮೆಲ್ಲುತ್ತ ಕಟ್ಟೆಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದರು. ಕಾಕಾ ಅವರೊಡನೆ ಉಣ್ಣಲು ಕೂಡುತ್ತಿದ್ದವಳು, ಬಡಿಸಿ ದಣಿದ ನಾನು. ಎಣ್ಣೆಗಾಯಿ ಚಲೋ ಆಗೇದ್ರಿ ಎಂದು ಅವರು, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರಿ ಎಂದು ನಾನು. ಅದಕ್ಕಿಂತ ಹೆಚ್ಚಿನ ಮಾತನ್ನು ನಾವು ಆಡಿದ ನೆನಪಿಲ್ಲ.

ಅವರು ಮೆಟ್ಟಿಲ ಮೇಲೆ ಕಾಯುತ್ತಿದ್ದಾಗ ಅವರ ಪಕ್ಕ ಕೂತಿದ್ದವಳು ನೀನೊಬ್ಬಳೇ. ಒಂದೊಂದು ಬೆರಳಿಗೆ ನಾಲ್ಕು, ನಾಲ್ಕು ಬೆರಳಿಗೆ ಹದಿನಾರು ಎಂದು ತೀನತಾಲವೆಂಬ ತಾಳದ ಮಾತ್ರೆಗಳನ್ನು ಎಣಿಸಲು ಅವರು ನಿನಗೆ ಅಲ್ಲೇ ಕಲಿಸಿದರು. ನೀನು ಆಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಾವು ಕಾಣದ್ದನ್ನು ಒಂಬತ್ತು ವರ್ಷದ ಹುಡುಗಿ ಕಂಡಿದ್ದಳು ಎಂಬುದು ನನಗೆ ಹೆಮ್ಮೆಯನ್ನೂ ನಾಚಿಕೆಯನ್ನೂ ಒಟ್ಟಿಗೇ ತರುತ್ತಿದೆ. ಕಳೆದ ತಿಂಗಳ ಆ ರಾತ್ರಿ ಎಲ್ಲರೆದುರು, ಊರು ಬಿಟ್ಟು ಹೋದವಳಿಗೆ ಇದನ್ನೆಲ್ಲ ಕೇಳುವ ಹಕ್ಕಿಲ್ಲ ಎಂದು ನಾನು ಅಂದದ್ದು ತಪ್ಪು. ಕ್ಷಮಿಸು.

ಆದರೆ ಊಟ ಹಾಕುವುದರಿಂದ ಕಲೆ ಉಳಿಯುವುದಿಲ್ಲ ಎಂಬ ನಿನ್ನ ಇನ್ನೊಂದು ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಈ ಸೀಮೆಯ ಸಂಗೀತ ಯಾರದೋ ಮನೆಯ ಒಲೆಯ ಬಲದಿಂದಲೇ ನಿಂತಿದೆ. ಗಾಯಕ ಅಬ್ದುಲ್ ಕರೀಂ ಖಾನರು ಹುಬ್ಬಳ್ಳಿ ಹತ್ತಿರದ ಕುಂದಗೋಳಕ್ಕೆ ಬಂದರೆ ನಾಡಗೀರರ ವಾಡೆ, ಅವರ ದೊಡ್ಡ ಮನೆ, ಅವರಿಗೆ ತೆರೆದಿರುತ್ತಿತ್ತು. ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಮುಂದೆ ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಮನೆಯಲ್ಲಿದ್ದು, ನೀರು ಹೊತ್ತು ಕಲಿತರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಅವರಲ್ಲೇ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟು ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಕೊಟ್ಟರು ಎಂಬುದನ್ನು ನಾನು ನಿನಗೆ ಹೇಳಬೇಕಾಗಿಲ್ಲ. 1950ರಲ್ಲಿ ಧಾರವಾಡದ ಆಕಾಶವಾಣಿ ನಿಲಯ ಆರಂಭವಾಗಿ ಎಷ್ಟೋ ವಾದಕರಿಗೆ ಸಂಬಳದ ಕೆಲಸ ಸಿಕ್ಕಿತು ನಿಜ. ಅದಕ್ಕೂ ಮೊದಲು ಅವರನ್ನು ಸಾಕಿದ್ದು ಊಟ ಹಾಕಿದ ಮನೆಗಳು, ಮಠಗಳು ಮತ್ತು ನಾಟಕ ಕಂಪನಿಗಳು.

ಇದನ್ನು ಬರೆಯುತ್ತಿರುವಾಗಲೇ ನನ್ನ ವಾದ ಎಲ್ಲಿ ಸೋಲುತ್ತದೆ ಎಂಬುದೂ ಕಾಣುತ್ತಿದೆ. ಅವರಲ್ಲಿ ಹೆಚ್ಚಿನವರು ಅನ್ನ ಹಾಕಿದ್ದು ಕಲಿಯಲು ಬಂದ ಶಿಷ್ಯನಿಗೆ. ನಮ್ಮ ಮನೆಗೆ ಬರುತ್ತಿದ್ದವರು ಶಿಷ್ಯರಲ್ಲ. ಕಲಿತು ಮುಗಿಸಿ, ಸಂಸಾರ ಹೊತ್ತು, ದುಡಿಯಲು ಬಂದವರು. ದುಡಿದವನಿಗೆ ಊಟವೇ ಬಿದಾಗಿ, ಅಂದರೆ ಸಂಭಾವನೆ, ಆಗುವುದಿಲ್ಲ. ವಹಿಯನ್ನು ತೆರೆದು ನೋಡು: ಎಷ್ಟು ರೊಟ್ಟಿ ಬಡಿದೆವು, ಯಾವ ಪಲ್ಯ ಮಾಡಿದೆವು, ಯಾರು ಯಾವ ರಾಗ ಹಾಡಿದರು ಎಂಬುದನ್ನೆಲ್ಲ ನಾನು ಬರೆದಿಟ್ಟಿದ್ದೇನೆ. ಹಾಡಿದವರ ಬಿದಾಗಿ ಸಾವಿರದಿಂದ ಮೂರು ಸಾವಿರಕ್ಕೆ ಏರಿದೆ. ತಬಲಾದ ಮುಂದೆ 2009ರಲ್ಲೂ ಐನೂರು, 2017ರಲ್ಲೂ ಐನೂರು. ಆ ವರ್ಷಗಳಲ್ಲಿ ಒಂದು ತಬಲಾಕ್ಕೆ ಹೊಸ ಚರ್ಮ ಹಾಕಿಸಲು ಅವರಿಗೆ ಏನು ಖರ್ಚು ಬರುತ್ತಿತ್ತೆಂದು ನಾನು ಒಮ್ಮೆಯೂ ಕೇಳಲಿಲ್ಲ.

ನೀನು ಆರಂಭಿಸುವುದಾದರೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸು. ಮನೆ ಚಿಕ್ಕದಾದರೆ ಕೇಳುಗರನ್ನು ಕಡಿಮೆ ಕರೆ, ನುಡಿಸಿದವರನ್ನು ಹೊರಗೆ ಕಾಯಿಸಬೇಡ. ಬಿದಾಗಿ ಎಷ್ಟೆಂದು ಕರೆಯುವಾಗಲೇ ಹೇಳು, ಊಟಕ್ಕೆ ಮೊದಲೇ ಕೊಡು. ಊಟವಾದ ಮೇಲೆ ಕೊಟ್ಟರೆ ಉಪಕಾರದಂತೆ ಕಾಣುತ್ತದೆ, ಲಕೋಟೆಯನ್ನು ಬಿಚ್ಚಿ ನೋಡಲೂ ಅವರಿಗೆ ಸಂಕೋಚ. ರಾತ್ರಿ ಮನೆಗೆ ಹೇಗೆ ಹೋಗುತ್ತಾರೆ ಎಂದು ಕೇಳು. ಮಾತು ಶುರುವಾದಾಗ ಮೊದಲು ಸಾಥ್ ಕೊಟ್ಟವರನ್ನೇ ಮಾತಾಡಿಸು. ಮತ್ತೆ, ನಿನ್ನ ಸಂಬಳವನ್ನೆಲ್ಲ ಇದಕ್ಕೇ ಸುರಿಯಬೇಡ. ಬಂದವರೆಲ್ಲ ನೂರು ಇನ್ನೂರು ಹಾಕುವಂತೆ ಒಂದು ಡಬ್ಬಿಯಿಡು. ಹಾಗೆ ಕೇಳುವುದು ನಮಗೆ ಮರ್ಯಾದೆಯ ಪ್ರಶ್ನೆಯಾಗಿತ್ತು, ಆ ಮರ್ಯಾದೆಯ ಬೆಲೆಯನ್ನು ಕೊಟ್ಟವರು ತಬಲಾದವರು. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ನಿದ್ದೆಗೆಡಬೇಡ. ಇದು ಉಪದೇಶವಾಗುತ್ತಿದೆ, ಗೊತ್ತು. ಆದರೂ ದೂರದಲ್ಲಿರುವ ಮಗಳಿಗೆ ಹೇಳದೆ ಇರಲು ನನ್ನಿಂದಾಗದು.

ಕಳೆದ ಗುರುವಾರ ನಾನೊಬ್ಬಳೇ ತಬಲಾ ಕಾಕಾ ಅವರ ಮನೆ ಹುಡುಕಿಕೊಂಡು ಹೋಗಿದ್ದೆ. ಮಗನ ಜೊತೆ ಹಾವೇರಿಗೆ ಹೋಗಿ ಎಷ್ಟೋ ವರ್ಷವಾಯಿತಂತೆ. ನೆರೆಯವರು ಫೋನ್ ನಂಬರ್ ಕೊಟ್ಟಿದ್ದಾರೆ. ಏನೆಂದು ಮಾತು ಆರಂಭಿಸಬೇಕೋ ತಿಳಿಯದೆ ಇನ್ನೂ ಕರೆ ಮಾಡಿಲ್ಲ, ನಾಳೆ ಮಾಡುತ್ತೇನೆ.

ವಹಿಯಲ್ಲಿ ನಿನಗೆ ಎರಡು ಬಣ್ಣದ ಶಾಯಿ ಕಾಣುತ್ತದೆ. ಹಾಡಿದವರ ಹೆಸರನ್ನು ಪ್ರತಿ ತಿಂಗಳೂ ಬರೆದಿದ್ದ ನಾನು ಅದರ ಕೆಳಗೆ ‘ತಬಲಾ, ಹಾರ್ಮೋನಿಯಂ’ ಎಂದಷ್ಟೇ ಬರೆದು ಬಿಟ್ಟಿದ್ದೆ. ಈ ವಾರ ಕೂತು, ನೆನಪಾದ ಹೆಸರುಗಳನ್ನೆಲ್ಲ ಹಸಿರು ಶಾಯಿಯಲ್ಲಿ ತುಂಬಿದ್ದೇನೆ. ಹನ್ನೊಂದು ತಿಂಗಳ ಹಾರ್ಮೋನಿಯಂ ಯಾರದೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಅವರೂ ಆ ಮೆಟ್ಟಿಲ ಮೇಲೆ ಕೂತಿದ್ದವರೇ; ನಿನಗೆ ನೆನಪಿದ್ದರೆ ಬರೆದು ತಿಳಿಸು.

ನಿನ್ನ ಅವ್ವ